ಹಲ್ಲಿನ ಸಂದಿ ಕಾಯಿಲೆ ಅಲ್ಲ

ಕೇಳುಗರಿಗೆ ನಮಸ್ಕಾರ. ನಾನು ಹಲ್ಲಿನ ಡಾಕ್ಟರು. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಇರುವ ಹುಡುಗಿಯರು, ಅವರ ಅಮ್ಮಂದಿರು ಕೇಳುತ್ತಿದ್ದರೆ ರೇಡಿಯೋ ಸೌಂಡ್ ಸ್ವಲ್ಪ ಜಾಸ್ತಿ ಮಾಡಿ. ನಿಮಗೇ ಹೇಳುತ್ತಿದ್ದೇನೆ. ಹಲ್ಲಿನ ಸಂದಿ ಕಾಯಿಲೆ ಅಲ್ಲ.

"ಗಂಡಿನ ಕಡೆಯವರು ಬರೋ ಮುಂಚೆ ಇದನ್ನ ಮುಚ್ಚಿಬಿಡಿ ಡಾಕ್ಟ್ರೇ" ಅಂತ ಅಮ್ಮಂದಿರು ಬರುತ್ತಾರೆ. ಪಕ್ಕದಲ್ಲಿ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಕೂತಿರುತ್ತಾಳೆ. ಅಂಥವರಿಗೆ ನಾನು ಡ್ಯಾನಿಯೆಲ್ ಇವಾನ್ಸ್ ಕತೆ ಹೇಳುತ್ತೇನೆ.

ಡ್ಯಾನಿಯೆಲ್ ಅಮೆರಿಕದ ಲಿಟಲ್ ರಾಕ್ ಊರಿನ ಹುಡುಗಿ. ಆ ಊರಲ್ಲಿ ಆಗ 2 ಲಕ್ಷ ಜನವೂ ಇರಲಿಲ್ಲ. 2006ರಲ್ಲಿ 'ಅಮೆರಿಕಾಸ್ ನೆಕ್ಸ್ಟ್ ಟಾಪ್ ಮಾಡೆಲ್' ಟಿವಿ ಸ್ಪರ್ಧೆಯಲ್ಲಿ ಕಾಣಿಸಿಕೊಂಡಳು. ನಕ್ಕರೆ ಮುಂದಿನ ಹಲ್ಲಿನ ಸಂದಿ ಕಾಣುತ್ತಿತ್ತು. ಸ್ಪರ್ಧಿಗಳ ಕೂದಲು ಕತ್ತರಿಸಿ, ಬಣ್ಣ ಹಾಕಿ ರೂಪ ಬದಲಿಸುವುದು ಅಲ್ಲಿನ ರೂಢಿ. ಆ ಸಲ ಹಲ್ಲಿನ ಡಾಕ್ಟರ ಹತ್ತಿರವೂ ಕಳಿಸಿದರು. ಜೋನಿ ಡಾಡ್ಸನ್ ಎಂಬ ಹುಡುಗಿ ತನ್ನ ವಕ್ರ ಹಲ್ಲು ಸರಿ ಮಾಡಿಸಿಕೊಂಡಳು. ಡ್ಯಾನಿಯೆಲ್ ಮಾತ್ರ ಬೇಡ ಅಂದಳು. ನೋಡಿ, ಎಷ್ಟು ಧೈರ್ಯ!

ಆಮೇಲೆ ತೀರ್ಪುಗಾರರ ಮುಂದೆ ನಿಂತಾಗ, ಸ್ಪರ್ಧೆ ನಡೆಸಿಕೊಡುತ್ತಿದ್ದ ಮಾಡೆಲ್ ಟೈರಾ ಬ್ಯಾಂಕ್ಸ್ ನೇರವಾಗಿ ಕೇಳಿದರು. ಬಾಯಲ್ಲಿ ಸಂದಿ ಇಟ್ಟುಕೊಂಡು ಕವರ್‌ಗರ್ಲ್ ಒಪ್ಪಂದ ಸಿಗುತ್ತೆ ಅಂದುಕೊಂಡಿದ್ದೀಯಾ ಅಂತ. ಕವರ್‌ಗರ್ಲ್ ಅಂದರೆ ಮೇಕಪ್ ಕಂಪನಿ, ಗೆದ್ದವಳಿಗೆ ಅವರ ಜೊತೆ 1 ಲಕ್ಷ ಡಾಲರ್ ಒಪ್ಪಂದ. ಆ ವಯಸ್ಸಿನ ಹುಡುಗಿ ಏನು ಮಾಡಬೇಕು ಹೇಳಿ? ಪೂರ್ತಿ ಮುಚ್ಚಿಸಲಿಲ್ಲ, ಸ್ವಲ್ಪ ಕಿರಿದು ಮಾಡಿಸಿಕೊಂಡಳು. ಅವಳು ಮಾತಾಡುವ ಧಾಟಿಯೂ ಸರಿಯಿಲ್ಲ ಅಂದರು. ಎಲ್ಲ ಸಹಿಸಿಕೊಂಡು ಕೊನೆಗೆ ಅವಳೇ ಗೆದ್ದಳು.

ಈಗ ಕೇಳಿ. 2010ರಲ್ಲಿ ಅದೇ ಸ್ಪರ್ಧೆಗೆ ಐಡಾಹೋ ರಾಜ್ಯದ ಬಾಯ್ಸಿ ಊರಿನಿಂದ ಚೆಲ್ಸಿ ಎಂಬ ಹುಡುಗಿ ಬಂದಳು. ಅವಳಿಗೂ ಸಂದಿ ಇತ್ತು. ಹಲ್ಲು ತೇಯ್ದು ಅದನ್ನು ಇನ್ನೂ ಅಗಲ ಮಾಡಿಸಿದರು! ನಾಲ್ಕೇ ವರ್ಷದಲ್ಲಿ ಫ್ಯಾಷನ್ ತಿರುಗಿಬಿಟ್ಟಿತ್ತು. ಹಲ್ಲು ಉಗುರಲ್ಲ ಅಲ್ವಾ, ತೇಯ್ದು ತೆಗೆದ ಮೇಲೆ ಮತ್ತೆ ಬೆಳೆಯೋದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಹಳೆಯ ಕೆಲವು ಪ್ರಸಂಗಗಳು ತಪ್ಪಾಗಿದ್ದವು ಅಂತ ಟೈರಾ 2020ರಲ್ಲಿ ಒಪ್ಪಿಕೊಂಡರು.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಏಳೆಂಟು ವರ್ಷದ ಮಕ್ಕಳಿಗೆ ಸಂದಿ ಕಂಡರೆ ಗಾಬರಿ ಬೇಡ. ಕೋರೆಹಲ್ಲು ಬಂದ ಮೇಲೆ ಎಷ್ಟೋ ಮಕ್ಕಳಿಗೆ ತಾನಾಗಿ ಮುಚ್ಚುತ್ತದೆ. ದೊಡ್ಡವರಿಗೆ ಮೊದಲು ಇಲ್ಲದ ಸಂದಿ ಹೊಸದಾಗಿ ಬಂದರೆ, ವಸಡಿನಲ್ಲಿ ರಕ್ತ ಬಂದರೆ, ತಡ ಮಾಡದೆ ತೋರಿಸಿ. ಅದು ವಸಡಿನ ರೋಗ ಇರಬಹುದು. ಮೊದಲಿಂದಲೂ ಇರುವ ಸಂದಿ ಮಾತ್ರ ಕಾಯಿಲೆ ಅಲ್ಲ. ಅದನ್ನು ಮುಚ್ಚಬೇಕಾ ಅಂತ ನಾನು ಹುಡುಗಿಯನ್ನೇ ಕೇಳುತ್ತೇನೆ. ಅಷ್ಟು ಹೊತ್ತು ಅಮ್ಮಂದಿರು ದಯವಿಟ್ಟು ಹೊರಗಿನ ಬೆಂಚಿನ ಮೇಲೆ ಕೂತಿರಿ. ನಮಸ್ಕಾರ.