ಬಲಗಾಲಿನ ಒದೆತ ಮತ್ತು 1,169 ದಿನಗಳು

ಕೇಳುಗರಿಗೆ ನಮಸ್ಕಾರ.

ಕಳೆದ ಭಾನುವಾರ ಬೆಳಗ್ಗೆ ಕಬ್ಬನ್ ಉದ್ಯಾನದಲ್ಲಿ ಹುಡುಗನೊಬ್ಬ ಮೊಟ್ಟೆಯಾಕಾರದ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿದೇಳುವ ಕ್ಷಣಕ್ಕೇ ಸರಿಯಾಗಿ ಒದೆಯಲು ಹೆಣಗಾಡುತ್ತಿದ್ದ. ಚೆಂಡು ಒಮ್ಮೆ ಅವನ ಮೊಣಕಾಲಿಗೆ ಬಡಿಯಿತು, ಇನ್ನೊಮ್ಮೆ ಕಡಲೆಕಾಯಿ ಬಿಡಿಸುತ್ತಾ ಕುಳಿತಿದ್ದ ನನ್ನ ಕಾಲಬುಡಕ್ಕೇ ಉರುಳಿ ಬಂತು. ದುಂಡು ಚೆಂಡಿಗೆ ಒಗ್ಗಿದ ನಮ್ಮ ಬೆಂಗಳೂರಿನ ಕಣ್ಣಿಗೆ ಇದು ಹುಡುಗಾಟ. ಆದರೆ ರಗ್ಬಿಯಲ್ಲಿ ಹಾಗೆ ಒದ್ದ ಚೆಂಡು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾದುಹೋದರೆ 3 ಅಂಕ. ಅದಕ್ಕೆ ಡ್ರಾಪ್ ಗೋಲ್ ಎಂದು ಹೆಸರು. ಇಂಗ್ಲೆಂಡಿನ ನಿವೃತ್ತ ಆಟಗಾರ ಜಾನಿ ವಿಲ್ಕಿನ್ಸನ್ ಅವರನ್ನು ಜಗತ್ತು ನೆನೆಯುವುದು ಅಂಥ ಒಂದೇ ಒಂದು ಒದೆತಕ್ಕಾಗಿ.

18ನೆಯ ವಯಸ್ಸಿನಲ್ಲಿ, 1998ರ ಏಪ್ರಿಲ್‌ನಲ್ಲಿ, ಅವರು ಐರ್ಲೆಂಡ್ ವಿರುದ್ಧ ಬದಲಿ ಆಟಗಾರನಾಗಿ ಅಂಗಳಕ್ಕಿಳಿದರು. ಎರಡೇ ತಿಂಗಳಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ಇಂಗ್ಲೆಂಡ್ ತಂಡವನ್ನು 76-0ರಿಂದ ಬಡಿದುಹಾಕಿತು. ಐದು ವರ್ಷಗಳ ಬಳಿಕ, 2003ರ ನವೆಂಬರ್ 22ರಂದು, ಸಿಡ್ನಿಯ ವಿಶ್ವಕಪ್ ಫೈನಲ್‌ನಲ್ಲಿ ಅದೇ ಆಸ್ಟ್ರೇಲಿಯಾ ಎದುರಿಗಿತ್ತು. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದು, ಅಂಕ 17-17ರಲ್ಲಿ ನಿಂತಿತ್ತು. ವಿಲ್ಕಿನ್ಸನ್ ಎಡಗಾಲಿನ ಆಟಗಾರರು. ಅಂದು ಅವರ ಮೂರು ಡ್ರಾಪ್ ಗೋಲ್ ಪ್ರಯತ್ನಗಳು ಆಗಲೇ ಗುರಿ ತಪ್ಪಿದ್ದವು. ಜೊತೆ ಆಟಗಾರ ಮ್ಯಾಟ್ ಡಾಸನ್ ಹಿಂದಕ್ಕೆಸೆದ ಚೆಂಡು ಕೈಸೇರಿದಾಗ ಅವರು ಒದ್ದದ್ದು ಬಲಗಾಲಿನಿಂದ. ಉಳಿದಿದ್ದುದು 26 ಸೆಕೆಂಡುಗಳು. ಇಂಗ್ಲೆಂಡ್ 20-17ರಿಂದ ಗೆದ್ದಿತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇದರ ನಂತರದ ಕಾಲ. ಕುತ್ತಿಗೆಯ ಶಸ್ತ್ರಚಿಕಿತ್ಸೆ, ತೋಳಿನ ಸ್ನಾಯುವಿನ ಪೆಟ್ಟು, ಮೊಣಕಾಲಿನ ತೊಂದರೆ, ಕೊನೆಗೆ ಮೂತ್ರಪಿಂಡದ ಗಾಯ, ಹೀಗೆ ಒಂದರ ಬೆನ್ನಿಗೊಂದು ಬಂದು, ವಿಶ್ವವಿಜೇತ ತಂಡದ ಕಣ್ಮಣಿ 1,169 ದಿನ ಇಂಗ್ಲೆಂಡಿನ ಅಂಗಿ ತೊಡಲಿಲ್ಲ. ಆಟದ ದಿನಗಳಲ್ಲಿ ತಮ್ಮನ್ನು ಕಾಡಿದ ಆತಂಕ, ಖಿನ್ನತೆಗಳ ಬಗ್ಗೆ ಅವರು ಮುಂದೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ.

ಅವರು ಮರಳಿದ್ದು 2007ರ ಫೆಬ್ರವರಿ 3ರಂದು, ಟ್ವಿಕನ್‌ಹ್ಯಾಮ್‌ನಲ್ಲಿ, ಸ್ಕಾಟ್ಲೆಂಡ್ ವಿರುದ್ಧ. ಆ ಎರಡು ದೇಶಗಳು ಸೆಣಸುವುದು ಕಲ್ಕತ್ತಾ ಕಪ್‌ಗಾಗಿ. ಕಲ್ಕತ್ತೆಯ ರಗ್ಬಿ ಕ್ಲಬ್ಬೊಂದು ಬಾಗಿಲು ಹಾಕುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಬಟ್ಟಲದು. ಹಿಡಿಕೆಗಳು ಮೂರು ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. ನಮ್ಮ ನಾಣ್ಯದ ಬೆಳ್ಳಿಗಾಗಿ ಅವರಿಬ್ಬರು 1879ರಿಂದ ಕಾದಾಡುತ್ತಿರುವುದು ತಮಾಷೆಯೇ ಸರಿ. ಅಂದು ವಿಲ್ಕಿನ್ಸನ್ ಚೆಂಡನ್ನು ಗೋಲ್ ಗೆರೆಯಾಚೆ ನೆಲಕ್ಕೊತ್ತುವ ಟ್ರೈ, ಅದರ ಬೆನ್ನಿಗೆ ಒದೆಯುವ ಕನ್ವರ್ಷನ್, ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಒದೆತ, ಡ್ರಾಪ್ ಗೋಲ್, ಹೀಗೆ ನಾಲ್ಕೂ ಬಗೆಯಲ್ಲಿ ಅಂಕ ಗಳಿಸಿ, ಇಂಗ್ಲೆಂಡಿನ 42ರಲ್ಲಿ 27ನ್ನು ತಾವೊಬ್ಬರೇ ತಂದರು. ಟ್ರೈ ಹೊತ್ತಿಗೆ ಅವರ ಕಾಲು ಅಂಗಳದ ಪಕ್ಕದ ಗೀಟು ದಾಟಿತ್ತೆಂದು ಸ್ಕಾಟ್ಲೆಂಡಿನವರು ಇಂದಿಗೂ ಗೊಣಗಿದರೆ ಅದರಲ್ಲಿ ಹುರುಳಿದೆ.

ಅದೇ ವರ್ಷದ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಸೋಲು. ಇಂಗ್ಲೆಂಡಿಗಾಗಿ 91 ಪಂದ್ಯಗಳಲ್ಲಿ 1,179 ಅಂಕ ಗಳಿಸಿ 2011ರಲ್ಲಿ ಅಂತರರಾಷ್ಟ್ರೀಯ ಆಟ ಬಿಟ್ಟರೂ, ಫ್ರಾನ್ಸಿನ ತೂಲಾನ್ ಕ್ಲಬ್ಬಿಗೆ ಆಡುತ್ತಲೇ ಇದ್ದರು. 2014ರ ಮೇ 24ರಂದು ಆ ತಂಡ ಯುರೋಪಿನ ಕಪ್ ಗೆದ್ದಿತು. ಮರುವಾರ, 31ರಂದು, ಪ್ಯಾರಿಸ್ಸಿನ ಬಳಿ ಕಾಸ್ತ್ರ್ ತಂಡವನ್ನು 18-10ರಿಂದ ಮಣಿಸಿ ಫ್ರೆಂಚ್ ಪ್ರಶಸ್ತಿಯನ್ನೂ ಪಡೆಯಿತು. ಅದೇ ಅವರ ಕೊನೆಯ ಪಂದ್ಯ. ಅಂದಿಗೆ ಅವರಿಗೆ 35 ತುಂಬಿ 6 ದಿನವಾಗಿತ್ತು.

ನಮಸ್ಕಾರ.