ಮೊದಲು ಮೀನು, ಆಮೇಲೆ ಪಾಪ

ಎಲ್ಲರಿಗೂ ನಮಸ್ಕಾರ.

ಹೋದ ವಾರ ಕಾರವಾರ ಬಸ್ ಸ್ಟ್ಯಾಂಡಿನಲ್ಲಿ ಅಂಕೋಲಾ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಬಂದು ಕೈಗೊಂದು ಚೀಟಿ ಕೊಟ್ಟು ಹೋದರು. ದಪ್ಪ ಅಕ್ಷರದಲ್ಲಿ 'ಪಾಪದ ಸಂಬಳ ಮರಣ' ಅಂತ ಇತ್ತು. ಪಕ್ಕದಲ್ಲಿ ಖಾಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿ, "ಎಂತ ಬರ್ದದೆ, ಓದು" ಅಂದರು. ಓದಿದೆ. "ಅದಕ್ಕಾದ್ರೂ ಸಂಬಳ ಉಂಟಲ್ಲ ಮಾರಾಯ, ನಮ್ಮ ಕೆಲಸಕ್ಕೆ ಅದೂ ಇಲ್ಲ" ಅಂದುಬಿಟ್ಟರು.

ನಗು ಬಂತು. ಆದರೆ ಆ ಸಂಬಳ ಅನ್ನುವ ಮಾತು ತಲೆಯಲ್ಲೇ ಉಳಿಯಿತು. ನಾನು ಕ್ರೈಸ್ತನಲ್ಲ. ಬೆಳೆದದ್ದು ಮಾತ್ರ ಕ್ಯಾಥೊಲಿಕ್ ಮನೆಗಳ ಮಧ್ಯೆ. ಬೈಬಲ್ ಓದಿದ್ದು ಸುಮ್ನೆ ಕುತೂಹಲಕ್ಕೆ. ಆ ವಾಕ್ಯ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ರೋಮಿನವರಿಗೆ ಬರೆದ ಪತ್ರದ್ದು, ಆರನೇ ಅಧ್ಯಾಯದ ಕೊನೆಯಲ್ಲಿದೆ. ಚೀಟಿಯ ಮುಖದ ಮೇಲೆ ಇದ್ದದ್ದು ಅರ್ಧ ಮಾತ್ರ. ಪಾಪ ಸಂಬಳ ಕೊಡುತ್ತದೆ, ದೇವರು ಕೊಡುವುದು ಸಂಬಳ ಅಲ್ಲ, ಪುಕ್ಕಟೆ ವರ. ಪೌಲ ಹೇಳಿದ್ದು ಇದು. ದುಡಿದು ಪಡೆಯುವುದು ಒಂದು, ದುಡಿಯದೆ ಸಿಗುವುದು ಇನ್ನೊಂದು. ಮುಂದಿನರ್ಧ ಬಿಟ್ಟರೆ ಉಳಿಯುವುದು ಬರೀ ಬೆದರಿಕೆ.

ನಮ್ಮ ಕನ್ನಡದಲ್ಲಿ ಒಂದು ಚಂದ ಇದೆ. ಲಂಚ ತಿಂದವನಿಗೆ 'ಪಾಪ ತಟ್ಟುತ್ತೆ' ಅನ್ನುತ್ತೇವೆ. ಬಿದ್ದು ಮೊಣಕಾಲು ಕೆತ್ತಿಕೊಂಡ ಹುಡುಗನನ್ನು ನೋಡಿ 'ಅಯ್ಯೋ ಪಾಪ' ಅನ್ನುತ್ತೇವೆ. ಒಂದೇ ಶಬ್ದ. ಕನ್ನಡ ಬೈಬಲಿನಲ್ಲೂ ಇರುವುದು ಇದೇ ಶಬ್ದ. ಮನುಷ್ಯನನ್ನು ಕಂಡು ಬೆರಳು ತೋರಿಸಬೇಕೋ, ಮರುಗಬೇಕೋ? ಈ ವಿಷಯದಲ್ಲಿ ಚರ್ಚಿನೊಳಗೇ ನಡೆದ ದೊಡ್ಡ ಜಗಳಗಳನ್ನು ಓದಿದಾಗೆಲ್ಲ ನನಗೆ ಈ ಎರಡು 'ಪಾಪ'ಗಳೇ ನೆನಪಾಗುತ್ತವೆ.

ಅಗಸ್ಟೀನ್ ಅಂತ ಒಬ್ಬರು ಇದ್ದರು. 354ರಲ್ಲಿ ಉತ್ತರ ಆಫ್ರಿಕಾದಲ್ಲಿ ಹುಟ್ಟಿದವರು, ಆಮೇಲೆ ಬಿಷಪ್ ಆದವರು. ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಪಕ್ಕದ ತೋಟದ ಪೇರ್ ಹಣ್ಣು ಕದ್ದರು. ಹಸಿವಿತ್ತಾ? ಇಲ್ಲ. ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು. ಕದ್ದದ್ದರಲ್ಲಿ ಜಾಸ್ತಿ ಭಾಗ ಹಂದಿಗಳಿಗೆ ಎಸೆದರು. ದೊಡ್ಡವರಾದ ಮೇಲೆ ಅದನ್ನೇ ನೆನೆದು ಪುಟಗಟ್ಟಲೆ ಬರೆದರು: ಬೇಡದ ಹಣ್ಣನ್ನು ನಾನು ಯಾಕೆ ಕದ್ದೆ? ಅಂಕೋಲೆಯಲ್ಲಿ ಇಶಾಡು ಮಾವಿನ ಮರಕ್ಕೆ ಕಲ್ಲು ಹೊಡೆದವರಿಗೆ ಈ ಪ್ರಶ್ನೆ ಗೊತ್ತು. ನಾನೂ ಹೊಡೆದಿದ್ದೇನೆ. ಹುಳಿ ಕಾಯಿ, ತಿನ್ನಲಿಕ್ಕೂ ಆಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಬ್ರಿಟನ್ ಕಡೆಯ ಪೆಲೇಜಿಯಸ್ ಎಂಬ ಸನ್ಯಾಸಿ ಬೇರೆ ಮಾತು ಹೇಳಿದ. ದೇವರ ಮಾತು ಮೀರಿದ ಮೊದಲ ಮನುಷ್ಯ ಆದಾಮ ಕೆಟ್ಟ ಮಾದರಿ ಅಷ್ಟೇ, ಅವನ ತಪ್ಪು ನಮಗೆ ಅಂಟುವುದಿಲ್ಲ, ಮನಸ್ಸು ಮಾಡಿದರೆ ಮನುಷ್ಯ ಒಳ್ಳೆಯವನಾಗಿ ಬದುಕಬಲ್ಲ ಅಂದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಇದನ್ನು ತಳ್ಳಿಹಾಕಿತು. ಇವತ್ತು ಓದಿದರೆ ಪೆಲೇಜಿಯಸ್‌ನೇ ಉದಾರಿ ಅನ್ನಿಸುತ್ತಾನೆ, ಅಲ್ವಾ? ನನಗೆ ಹಾಗೆ ಅನ್ನಿಸುವುದಿಲ್ಲ. 'ಮನಸ್ಸು ಮಾಡಿದರೆ ಆಗುತ್ತೆ' ಅನ್ನುವುದು ಕುಡಿತ ಬಿಡಲಾಗದವನಿಗೆ ಊರೆಲ್ಲ ಹೇಳುವ ಮಾತು. ಅದರಲ್ಲಿ ಮರುಕ ಎಲ್ಲಿದೆ?

ಹಾಗಂತ ಅಗಸ್ಟೀನರನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಆದಾಮನ ದೋಷ ಹುಟ್ಟಿನಿಂದಲೇ ಬರುತ್ತದೆ, ದೀಕ್ಷಾಸ್ನಾನ, ಅಂದರೆ ಚರ್ಚಿಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ, ಆಗದೆ ಸತ್ತ ಕೂಸಿಗೂ ಶಿಕ್ಷೆ ಇದೆ, ತೀರಾ ಹಗುರದ್ದಾದರೂ ಇದೆ ಅಂದರು ಅವರು. ನಾವು ಕೂಸಿಗೆ 'ಪಾಪು' ಅನ್ನುವವರು. ಪಾಪುಗೆ ಪಾಪವೇ? ಕ್ಯಾಥೊಲಿಕ್ ಚರ್ಚಿಗೂ ಇದು ಕಾಡುತ್ತಲೇ ಇತ್ತು. 2007ರಲ್ಲಿ ವ್ಯಾಟಿಕನ್ನಿನ ಧರ್ಮಶಾಸ್ತ್ರ ಆಯೋಗವೊಂದು, ಅಂಥ ಕೂಸುಗಳೂ ದೇವರನ್ನು ಸೇರುತ್ತವೆ ಎಂದು ಆಶಿಸಲು ಕಾರಣ ಇದೆ ಎಂದು ಬರೆಯಿತು. ಗ್ರೀಸ್, ರಷ್ಯಾ ಕಡೆಯ ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಮೊದಲಿನಿಂದಲೂ ಬೇರೆ ದಾರಿ. ಅವರ ಪ್ರಕಾರ ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದುರ್ಬಲತೆ, ಅವನ ಅಪರಾಧ ಅಲ್ಲ. ಅಪ್ಪನ ಕಾಯಿಲೆ ಮಗನಿಗೆ ಬರಬಹುದು, ಅಪ್ಪನ ಮೇಲಿನ ಕೇಸು ಬರಬಾರದು. ನನಗೆ ಇದು ಸರಿ ಕಾಣುತ್ತದೆ.

ಇನ್ನು ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಚೀಟಿ ಹಂಚುವವರು ಪಾಪದಿಂದ ಶುರು ಮಾಡುತ್ತಾರೆ. ಮೊದಲು ಹೆದರಿಸು, ಆಮೇಲೆ ರಕ್ಷಣೆಯ ದಾರಿ ತೋರಿಸು. ಆದರೆ ಲೂಕ ಬರೆದ ಸುವಾರ್ತೆಯ, ಅಂದರೆ ಯೇಸುವಿನ ಕಥೆಯ, ಐದನೇ ಅಧ್ಯಾಯ ನೋಡಿ. ಪೇತ್ರ ಮೀನುಗಾರ. ರಾತ್ರಿಯಿಡೀ ಬಲೆ ಬಿಟ್ಟರೂ ಒಂದು ಮೀನಿಲ್ಲ. ಬೆಳಿಗ್ಗೆ ಬಲೆ ತೊಳೆಯುತ್ತಿದ್ದಾರೆ. ಬೈತಖೋಲ್ ಬಂದರಿನಲ್ಲಿ ಬರಿಗೈಲಿ ಬಂದ ದೋಣಿಯವರ ಮುಖ ನೋಡಿದ್ದೀರಲ್ಲ, ಹಾಗೇ ಇದ್ದಿರಬೇಕು. ಆಗ ಬಡಗಿಯ ಮಗ ಯೇಸು, ಆಳಕ್ಕೆ ಹೋಗಿ ಇನ್ನೊಮ್ಮೆ ಬಲೆ ಬಿಡಿ ಅನ್ನುತ್ತಾನೆ. ನಮ್ಮವರಾದರೆ ನಾಲ್ಕು ಮಾತು ಬೈಯುತ್ತಿದ್ದರು. ಪೇತ್ರ ಬಿಡುತ್ತಾನೆ. ಬಲೆ ಹರಿಯುವಷ್ಟು ಮೀನು. ಎರಡು ದೋಣಿ ತುಂಬಿ ಮುಳುಗುವ ಹಾಗಾಗುತ್ತದೆ.

ಆಗ ಪೇತ್ರ ಮೊಣಕಾಲೂರಿ, ನನ್ನನ್ನು ಬಿಟ್ಟು ಹೋಗು ಸ್ವಾಮಿ, ನಾನು ಪಾಪಿ ಅನ್ನುತ್ತಾನೆ.

ಯಾರೂ ಅವನಿಗೆ ಪಾಪಿ ಅಂದಿರಲಿಲ್ಲ. ಬಲೆ ಖಾಲಿ ಇದ್ದಾಗ ಅವನ ಬಾಯಲ್ಲಿ ಆ ಮಾತು ಬರಲಿಲ್ಲ. ಮೊದಲು ಮೀನು ಬಂತು, ಆಮೇಲೆ ಪಾಪದ ಅರಿವು ಬಂತು. ಸುಂಕ ವಸೂಲಿ ಮಾಡುವ ಜಕ್ಕಾಯನ ಕಥೆಯೂ ಹಾಗೇ. ಯೇಸು ಮೊದಲು ಅವನ ಮನೆಗೆ ನೆಂಟನಾಗಿ ಹೋಗುತ್ತಾನೆ. ಮೋಸ ಮಾಡಿದ್ದರೆ ನಾಲ್ಕು ಪಾಲು ವಾಪಸ್ ಕೊಡುತ್ತೇನೆ ಅಂತ ಅವನು ಹೇಳುವುದು ಆಮೇಲೆ.

ಪುಕ್ಕಟೆ ಕ್ಷಮೆ ಸಿಕ್ಕರೆ ಜನ ಕೆಡುವುದಿಲ್ಲವೇ ಅಂತ ಕೇಳುವವರಿದ್ದಾರೆ. ನಾನೂ ನಮ್ಮ ಪಕ್ಕದ ಮನೆಯ ಮಾವ್ಶಿಗೆ ಒಮ್ಮೆ ಕೇಳಿದ್ದೆ. ಕುಮ್ಸಾರಿಗೆ, ಅಂದರೆ ಪಾದ್ರಿಯ ಹತ್ತಿರ ಪಾಪ ನಿವೇದನೆಗೆ ಹೋಗಿ ಬಂದಿದ್ದರು. ಅವರು ಉತ್ತರ ಕೊಡಲಿಲ್ಲ. ಸಂಜೆ ನಮ್ಮ ಅಂಗಳದಲ್ಲಿ ಏಳು ತೆಂಗಿನಕಾಯಿ ಇದ್ದವು. ನಮ್ಮ ಮರದವೇ, ಅವರ ಬೇಲಿಯೊಳಗೆ ಬಿದ್ದವು. ಅಮ್ಮ ಆವತ್ತೂ ಲೆಕ್ಕ ಹಾಕಿ, ಇನ್ನೂ ಎರಡು ಬರಬೇಕಿತ್ತು ಅಂದಳು. ಇರಲಿ.

ಚಿಕ್ಕವನಿದ್ದಾಗ ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಲು ಹೋಗುತ್ತಿದ್ದೆ. ದೊಡ್ಡವರು ಗಂಟೆಗಟ್ಟಲೆ ಎಳೆಯುವರು. ಒಮ್ಮೆ ಬಲೆ ಇನ್ನೇನು ಮರಳಿಗೆ ಬರುವಾಗ ಓಡಿ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಕೊನೆಗೆ ನನ್ನ ಚೀಲಕ್ಕೂ ಒಂದಿಷ್ಟು ಬಂಗಡೆ ಬಿತ್ತು. ದ್ರಾಕ್ಷಿ ತೋಟಕ್ಕೆ ಸಂಜೆ ಬಂದ ಆಳಿಗೂ ಪೂರ್ತಿ ಕೂಲಿ ಕೊಟ್ಟ ಯಜಮಾನನ ಕಥೆ ಮತ್ತಾಯನ ಸುವಾರ್ತೆಯಲ್ಲಿ ಓದಿದಾಗ ನನಗೆ ಆ ಚೀಲದ ತೂಕ ನೆನಪಾಯಿತು. ಆ ಮೀನು ಹಿಡಿದುಕೊಂಡು ಮನೆಗೆ ಹೋಗುವಾಗ ಖುಷಿಗಿಂತ ನಾಚಿಕೆ ಜಾಸ್ತಿ ಇತ್ತು. ಪೇತ್ರನಿಗೆ ಆದದ್ದು ಇದೇ ಇರಬಹುದಾ?

ಆ ಕಥೆ ಮುಗಿಯುವುದು ಹೀಗೆ: ದೋಣಿ ದಡಕ್ಕೆ ತಂದು, ಎಲ್ಲ ಬಿಟ್ಟು ಅವರು ಯೇಸುವಿನ ಹಿಂದೆ ಹೋದರು. ಎರಡು ದೋಣಿ ತುಂಬ ಮೀನು ಅಲ್ಲೇ ಉಳಿಯಿತು. ಅದನ್ನು ಯಾರು ಪಾಲು ಮಾಡಿಕೊಂಡರು ಅಂತ ಲೂಕ ಬರೆದಿಲ್ಲ. ಕಾರವಾರದವನಾದ್ದರಿಂದ ನಾನು ಅದನ್ನು ಕೇಳಲೇಬೇಕು.