ಅರಿವಳಿಕೆ ತಜ್ಞರಿಗೆ ಹೇಳದ ಮಾತು

ಕುಡಿಯುವುದು ತಪ್ಪೋ ಸರಿಯೋ ಎಂಬ ಪ್ರವಚನ ಈ ವಿಡಿಯೊದಲ್ಲಿ ಇಲ್ಲ. ದಿನವೂ ಮಿತಿಮೀರಿ ಕುಡಿಯುವವರು ಆಪರೇಷನ್ ಮಾಡಿಸಿಕೊಂಡರೆ ಆಮೇಲೆ ಏನಾಗುತ್ತದೆ, ಅಷ್ಟೇ ವಿಷಯ.

ಅರಿವಳಿಕೆ ತಜ್ಞರು "ಕುಡಿಯುವ ಅಭ್ಯಾಸ ಇದೆಯಾ?" ಎಂದು ಕೇಳಿದಾಗ ನಮ್ಮ ಮಾವ "ಅಪರೂಪಕ್ಕೊಮ್ಮೆ ಡಾಕ್ಟರೇ" ಎಂದರು. ಪಕ್ಕದಲ್ಲಿದ್ದ ಅತ್ತೆ ನೆಲ ನೋಡಿದರು. ಹರ್ನಿಯಾ ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಕೈ ನಡುಗಿತು, ಮೈ ಬೆವರಿತು, ನೋವಿಗಿರಬೇಕು ಎಂದುಕೊಂಡೆವು. ಮೂರನೆಯ ರಾತ್ರಿ ಮಾವ ಹೊದಿಕೆಯ ಮೇಲಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಕೆಳಗೆ ಹಾಕತೊಡಗಿದರು. ಡ್ರಿಪ್ ಕಿತ್ತುಕೊಂಡರು. ನನ್ನನ್ನು ನೋಡಿ "ಯಾರಪ್ಪಾ ನೀನು?" ಎಂದರು. ಅತ್ತೆ ವೈದ್ಯರಿಗೆ ನಿಜ ಹೇಳಿದ ಮೇಲೆಯೇ ಚಿಕಿತ್ಸೆಯ ದಾರಿ ಬದಲಾಯಿತು. ಇರುವೆಗಳ ಕಥೆಯನ್ನು ಮಾವ ಇವತ್ತಿಗೂ ಒಪ್ಪುವುದಿಲ್ಲ.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿದ ಮಿದುಳು ತನ್ನ ಚಟುವಟಿಕೆಯನ್ನು ಏರಿಸಿಕೊಂಡೇ ಇರುತ್ತದೆ. ಆಸ್ಪತ್ರೆಗೆ ಸೇರಿ ಕುಡಿತ ತಟ್ಟನೆ ನಿಂತಾಗ ಆ ಏರಿಕೆಗೆ ಲಗಾಮು ಇಲ್ಲದಂತಾಗುತ್ತದೆ. ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳೊಳಗೆ ನಡುಕ ಶುರುವಾಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಸಾಮಾನ್ಯವಾಗಿ 2ರಿಂದ 4 ದಿನಗಳ ನಡುವೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸನ್ನಿ ಹಿಡಿಯಬಹುದು. ಇದರಿಂದ ಪ್ರಾಣ ಹೋದವರೂ ಇದ್ದಾರೆ. ಮೊದಲೇ ತಿಳಿದಿದ್ದರೆ ಮಿದುಳನ್ನು ಶಾಂತವಾಗಿಸುವ ಬೆಂಜೊಡಯಜಪೀನ್ ಗುಂಪಿನ ಔಷಧ, ಬಿ1 ಜೀವಸತ್ವ ಎಲ್ಲವನ್ನೂ ವೈದ್ಯರು ಸಿದ್ಧವಾಗಿಟ್ಟುಕೊಳ್ಳುತ್ತಾರೆ.

ಗಾಯದ ಕಥೆಯೂ ಇದೆ. ಅತಿಯಾದ ಕುಡಿತದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಹೊಲಿಗೆ ಹಾಕಿದ ಜಾಗದಲ್ಲಿ ಸೋಂಕು ತಗಲುವುದು, ನ್ಯುಮೋನಿಯಾ ಬರುವುದು ಹೆಚ್ಚು. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸುವ ಯಕೃತ್ತು ಸೊರಗಿದ್ದರೆ ರಕ್ತಸ್ರಾವ ಬೇಗ ನಿಲ್ಲುವುದಿಲ್ಲ. ಮನೆಗೆ ಬಂದ ಮೇಲೆ ನೋವು ಮರೆಯಲು ಒಂದು ಗುಟುಕು ಎನ್ನುವವರಿಗೆ: ಮಾರ್ಫಿನ್, ಟ್ರಮಡಾಲ್‌ನಂಥ ನೋವುನಿವಾರಕಗಳ ಜೊತೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಆಪರೇಷನ್‌ಗೆ 4ರಿಂದ 8 ವಾರ ಮೊದಲೇ ಕುಡಿತ ಬಿಟ್ಟರೆ ಇಂಥ ತೊಡಕುಗಳು ಕಡಿಮೆಯಾಗುತ್ತವೆ. ಆದರೆ ದಿನವೂ ವಿಪರೀತ ಕುಡಿಯುವವರು ತಾವೇ ಹಟ ಹಿಡಿದು ಒಮ್ಮೆಗೇ ಬಿಡಬಾರದು. ಮಾವನಿಗೆ ಆಸ್ಪತ್ರೆಯಲ್ಲಿ ಆದದ್ದು ಮನೆಯಲ್ಲೇ ಆಗಬಹುದು. ವೈದ್ಯರ ನೆರವಿನಲ್ಲಿ ಬಿಡಬೇಕು.

ಹೆಂಡತಿ ಮಕ್ಕಳ ಮುಂದೆ ಸತ್ಯ ಹೇಳಲು ನಾಲಿಗೆ ಏಳುವುದಿಲ್ಲ, ಅದು ಅರ್ಥವಾಗುತ್ತದೆ. ಹಾಗಿದ್ದರೆ ಅವರನ್ನು ಹೊರಗೆ ಕಳುಹಿಸಿ ಎಂದು ವೈದ್ಯರನ್ನೇ ಕೇಳಿ. ರೋಗಿ ಬಾಯಿ ಬಿಡದಿದ್ದರೆ ಮನೆಯವರೊಬ್ಬರು ಬೇರೆಯಾಗಿ ಹೋಗಿ ಹೇಳಲಿ: ಏನು, ದಿನಕ್ಕೆ ಎಷ್ಟು, ಕೊನೆಯ ಬಾರಿ ಕುಡಿದದ್ದು ಯಾವಾಗ. ಗಂಟೆಗಳ ಲೆಕ್ಕ ಅಲ್ಲಿಂದಲೇ ಶುರು.